ಉರಿಯದ ದೀಪಕ್ಕೆ ಮುಚ್ಚಳ

ಸ್ಪ್ರಿಂಗು ಛಟ್ಟನೆ ಸಿಡಿದು ಮೇಷ್ಟ್ರ ಹೆಬ್ಬೆರಳಿಗೆ ಬಡಿಯಿತು. ಕೈಯಲ್ಲಿದ್ದ ಬಿಳಿ ಮುಚ್ಚಳ ಜಾರಿ ಬಿದ್ದು, ಉರುಳುತ್ತ ಹೋಗಿ ಸೋಫಾದ ಅಡಿ ಸೇರಿತು.

"ಅದನ್ನ ಸ್ವಲ್ಪ ಎತ್ತಿಕೊಡು," ಎಂದರು ಏಣಿಯ ಮೇಲಿಂದ.

ಕೆಳಗೆ ಏಣಿ ಹಿಡಿದಿದ್ದ ಹೆಂಡತಿ ಕಿಟಕಿಯಾಚೆ ನೋಡುತ್ತ ನಿಂತೇ ಇದ್ದಳು. ಹೇಳಿದ್ದಕ್ಕೆಲ್ಲ ಓಡಲು ನಾನೇನು ನಿಮ್ಮ ಆಳೇ ಎನ್ನುವ ಹಾಗೆ. ಮೇಷ್ಟ್ರು ಹಲ್ಲು ಕಚ್ಚಿಕೊಂಡು ತಾವೇ ಇಳಿದರು. ಸೋಫಾದ ಕೆಳಗೆ ಕೈ ಹಾಕಿ ತಡಕಾಡಿ ಮುಚ್ಚಳ ಹುಡುಕಿ, ಮತ್ತೆ ಹತ್ತಿದರು.

ಅವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಪಕ್ಕದ ಸೀಟಿನಲ್ಲಿ ಕುಳಿತು ಬ್ರೇಕು, ಕ್ಲಚ್ಚು ಎಂದು ದಿನವಿಡೀ ಗಂಟಲು ಹರಿದುಕೊಳ್ಳುವ ಕೆಲಸ. ವಾರಕ್ಕೊಂದು ರಜೆ. ಈ ವಾರದ ರಜೆ ದೀಪ ಕಿತ್ತ ಚಾವಣಿಯ ತೂತು ಮುಚ್ಚುವುದರಲ್ಲೇ ಹೋಗುತ್ತಿತ್ತು.

ನಡುಮನೆಯ ಫಾಲ್ಸ್ ಸೀಲಿಂಗಿನ ತುಂಬ ಗುಂಡು ದೀಪಗಳನ್ನು ಆಸೆಪಟ್ಟು ಕೂರಿಸಿದವರು ಅವರೇ. ಬಂದವರೆಲ್ಲ ಕತ್ತೆತ್ತಿ ನೋಡಿ ಹೊಗಳಿದ್ದರು. ಈಚೆಗೆ ಹೆಂಡತಿ ಅವನ್ನು ಹಾಕುವುದನ್ನೇ ಬಿಟ್ಟಿದ್ದಳು. ಇವರು ಸ್ವಿಚ್ ಒತ್ತಿದರೆ ಅವಳು ಬಂದು ಆರಿಸುವಳು. ಕುರ್ಚಿಯ ಪಕ್ಕಕ್ಕೊಂದು ಉದ್ದ ಕಂಬದ ದೀಪ ತಂದಳು, ಮೇಜಿನ ಮೇಲಕ್ಕೆ ಇನ್ನೊಂದು. ಉರಿಯದೆ ಬಿದ್ದ ಗೂಡುಗಳಿಂದ ಧೂಳು, ಸತ್ತ ಹುಳ ಉದುರತೊಡಗಿದವು. ಹೊಸ ಬಲ್ಬು ಹಾಕಿದರೆ ಮನೆ ಝಗ್ಗೆನ್ನುತ್ತದೆ ಎಂದ ಎಲೆಕ್ಟ್ರಿಷಿಯನ್. ಬೇಡ, ಎಲ್ಲ ಕಿತ್ತು ವೈರಿನ ತುದಿಗೆ ಟೇಪು ಸುತ್ತಿ ಹೋಗಿ ಎಂದಳು ಇವಳು. ಯಾಕೆಂದು ಕೇಳಿದರೆ ಒಂದೇ ಉತ್ತರ. ತಲೆ ಮೇಲಿನ ಬೆಳಕು ಅವಳಿಗೆ ಆಗುವುದಿಲ್ಲ.

ಬರೀ ದೀಪವಾಗಿದ್ದರೆ ಮೇಷ್ಟ್ರು ನುಂಗಿಕೊಳ್ಳುತ್ತಿದ್ದರೇನೋ. ಅವರ ಮೀಸೆಯೂ ಅವಳಿಗೆ ಆಗದೆ ಹೋಯಿತು. ಮದುವೆಗೂ ಮುಂಚಿನ ಮೀಸೆ. ತೆಗೆಯಿರಿ ತೆಗೆಯಿರಿ ಎಂದು ಪೀಡಿಸಿ ಕೊನೆಗೂ ಬೋಳಿಸುವಂತೆ ಮಾಡಿದಳು. ಸೋಫಾದಲ್ಲಿ ಅವರ ಪಕ್ಕ ಕೂರುತ್ತಿದ್ದವಳು ಎದುರಿಗೆ ಬೇರೆ ಕುರ್ಚಿ ಹಾಕಿಕೊಂಡಳು. ಫೋನ್ ಮಾಡಿದರೆ ಎತ್ತುವುದಿಲ್ಲ, ಏನಿದ್ದರೂ ಮೆಸೇಜು. ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಎಲ್ಲರನ್ನೂ ನಗಿಸಿಕೊಂಡಿದ್ದವಳು ತಾನಾಗಿ ಕೇಳಿಕೊಂಡು ಹಿಂದಿನ ಉಗ್ರಾಣಕ್ಕೆ ವರ್ಗವಾದಳು. ಅದು ಗಂಡನಿಗೆ ತಿಳಿದದ್ದು ಯಾರದೋ ಬಾಯಿಂದ.

ಅತ್ತಿಗೆಯ ಮನಸ್ಸು ಈ ಮನೆಯಲ್ಲಿಲ್ಲ ಎಂದು ಅವರ ತಂಗಿ ಹೇಳಿದಾಗ ಮೇಷ್ಟ್ರು ರೇಗಿದ್ದರು. ಆಮೇಲೆ ಹೊಲಿಗೆ ಕ್ಲಾಸಿಗೆಂದು ಹೊರಟ ಹೆಂಡತಿಯ ಹಿಂದೆ ಒಂದು ಸಂಜೆ ತಾವೇ ಹೋದರು. ಕಿಟಕಿಯಿಂದ ಕಂಡದ್ದು ಹೊಲಿಗೆ ಮಿಷನ್ ಅಲ್ಲ. ಒಬ್ಬ ಯುವಕ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತು ಅವನು ಏನೋ ಹೇಳುತ್ತಿದ್ದ. ಇವಳು ರೆಪ್ಪೆ ಬಡಿಯದೆ ಅವನ ಮುಖವನ್ನೇ ನೋಡುತ್ತಿದ್ದಳು. ಗಂಡನನ್ನು ಹಾಗೆ ನೋಡಿ ಎಷ್ಟು ಕಾಲವಾಗಿತ್ತೋ.

ಆ ಸಂಗತಿ ಅಂದಿನಿಂದ ಅವರ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತ್ತು. ಕೇಳಿದರೆ ಎಲ್ಲಿ ಹೌದು ಅಂದುಬಿಡುತ್ತಾಳೋ ಎಂಬ ಹೆದರಿಕೆ. ಕೇಳದೆ ಇದ್ದರೆ ನಿದ್ದೆಯಿಲ್ಲ.

ಕೊನೆಯ ತೂತು ಎಲ್ಲಕ್ಕಿಂತ ಹಟಮಾರಿ. ಅಂಚು ಸವೆದು ಅಗಲವಾಗಿ, ಕ್ಲಿಪ್ಪು ಕಚ್ಚಲೇ ಒಲ್ಲದು. ಒತ್ತಿದರೆ ಜಿಪ್ಸಂ ಪುಡಿ ಕಣ್ಣಿಗೆ ಬಿತ್ತು. ಬಿಟ್ಟರೆ ಮುಚ್ಚಳ ಜೋತುಬಿತ್ತು. ಕುತ್ತಿಗೆ ಹಿಡಿದುಕೊಂಡಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ತಾನು ಇಷ್ಟಪಟ್ಟು ಹಾಕಿಸಿದ್ದನ್ನು ತನ್ನ ಕೈಯಲ್ಲೇ ಮುಚ್ಚಿಸುತ್ತಿದ್ದಾಳೆ ಅನ್ನಿಸಿದ್ದೇ ತಡ, ತಡೆಹಿಡಿದಿದ್ದ ಮಾತು ಕಿತ್ತುಕೊಂಡು ಬಂತು. ಮುಖ ಚಾವಣಿಗೆ ಇಟ್ಟುಕೊಂಡೇ ಕೇಳಿದರು.

"ನನ್ನನ್ನ ಬಿಟ್ಟು ಹೋಗಬೇಕು ಅಂತ ಇದ್ದೀಯಾ? ಇದ್ರೆ ಹೇಳಿಬಿಡು. ಜಗಳ ಮಾಡಲ್ಲ."

ಮೇಷ್ಟ್ರು ತಲೆ ತಗ್ಗಿಸಿ ನೋಡಿದರು. ಅವಳು ಏಣಿ ಹಿಡಿದುಕೊಂಡೇ ಕತ್ತೆತ್ತಿ ನಕ್ಕಳು.

"ಹ್ಞೂಂ," ಎಂದಳು.

ಅಷ್ಟು ಹಗುರಾಗಿ. ಇನ್ನೊಂದು ಲೋಟ ಕಾಫಿ ಕೊಡಲೇ ಎಂದಾಗ ಹೇಳುವ ಹಾಗೆ.

ಮುಚ್ಚಳ ಅದು ಹೇಗೋ ಟಕ್ಕೆಂದು ಕೂತಿತು. ಮೇಷ್ಟ್ರು ಮೆಟ್ಟಿಲಿಂದ ಮೆಟ್ಟಿಲಿಗೆ ಕಾಲು ಹುಡುಕುತ್ತ ಇಳಿದರು. ಹೆಂಡತಿ ಉತ್ಸಾಹದಿಂದ ಕಂಬದ ದೀಪ ಹಾಕಿದಳು, ತಿರುಗಿದಳು, ಅವರ ಒದ್ದೆ ಕಣ್ಣು ಕಂಡು ಹತ್ತಿರ ಬಂದಳು. ಪುಡಿ ಬಿತ್ತೇ ಎಂದು ಸೆರಗಿನ ತುದಿ ಹಿಡಿದು ಒರೆಸಲು ಹೋದಳು. ಮೇಷ್ಟ್ರು ಅವಳ ಕೈ ಸರಿಸಿದರು.

"ಹೋಗೋಳಿಗೆ ನನ್ನ ಕಣ್ಣಿನ ಚಿಂತೆ ಯಾಕೆ?"

"ಯಾರು ಹೋಗೋದು?"

"ಈಗ ತಾನೆ ನೀನೇ ಹ್ಞೂಂ ಅಂದೆಯಲ್ಲ. ಬಿಟ್ಟು ಹೋಗ್ತೀಯಾ ಅಂತ ಕೇಳಿದ್ದಕ್ಕೆ."

ಅವಳ ಮುಖದ ಬಣ್ಣವೇ ಹೋಯಿತು. ಇನ್ನು ಏನು ಸುಳ್ಳು ಕಟ್ಟುತ್ತಾಳೋ ಕಟ್ಟಲಿ ಎಂದುಕೊಂಡು ಮೇಷ್ಟ್ರು ಬಾಗಿಲ ಕಡೆ ತಿರುಗಿದರು. ಅವಳು ಅಡ್ಡ ಬಂದಳು. ಎರಡೂ ಅಂಗೈಯಲ್ಲಿ ಅವರ ಕೆನ್ನೆ ಹಿಡಿದು, ಮುಖವನ್ನು ದೀಪದ ಕಡೆಗೆ ತಿರುಗಿಸಿಕೊಂಡಳು.

"ಹೀಗೇ ನಿಂತು ಮಾತಾಡಿ," ಎಂದಳು. "ನನ್ನ ಕಿವಿ ಪೂರ್ತಿ ಹೋಗಿದೆ. ನಿಮ್ಮ ತುಟಿ ಕಂಡರೆ ಮಾತ್ರ ನೀವು ಏನಂದ್ರಿ ಅಂತ ಗೊತ್ತಾಗೋದು."