ಎಣಿಕೆಯ ವಾರ

ಜನವೇ ಹತ್ತುವುದಿಲ್ಲ, ಈ ಬಸ್ಸು ರದ್ದು ಮಾಡುತ್ತೇವೆ ಎಂದರು ಡಿಪೋದವರು. ಒಂದು ವಾರ ತಲೆ ಎಣಿಸಿ ತೀರ್ಮಾನಿಸುವುದಾಗಿ ನೋಟಿಸನ್ನೂ ಅಂಟಿಸಿದರು. ಆ ದಾರಿಗೆ ಇದ್ದದ್ದು ಅದೊಂದೇ ಬಸ್ಸು.

ಹೆಂಡತಿಯೊಡನೆ ಊರಾಚೆ ಇದ್ದವನೊಬ್ಬ ಮನೆ ಮನೆಗೆ ಹೋಗಿ ಕೈ ಮುಗಿದ. "ಕೆಲಸ ಇರಲಿ ಬಿಡಲಿ, ಒಂದ್ ವಾರ ಎಲ್ಲಾರೂ ಬಸ್ ಹತ್ರಿ. ಇದು ಹೋದ್ರ ನನ್ನ ಹೆಂಡ್ತೀನ್ನ ಡಯಾಲಿಸಿಸ್‌ಗೆ ಹೆಂಗ್ ಕರ್ಕೊಂಡು ಹೋಗ್ಲಿ?"

ಊರು ಒಪ್ಪಿತು. ಹೊಲದ ಕೆಲಸ ಬಿಟ್ಟು, ಕೂಸುಗಳನ್ನು ಎತ್ತಿಕೊಂಡು ಹತ್ತಿದರು. ತಾಲೂಕಿನಲ್ಲಿ ಇಳಿದು ಚಹಾ ಕುಡಿದು ಸಂಜೆ ಅದೇ ಬಸ್ಸಿನಲ್ಲಿ ವಾಪಸಾದರು.

ಎಣಿಕೆ ಮುಗಿದ ಮೇಲಿನ ಸೋಮವಾರ, ಊರಾಚೆಯ ಕಾಲುವೆ ಕ್ರಾಸಿನಲ್ಲಿ, ತನ್ನ ಮನೆಯೆದುರು ಅವನು ಬಸ್ಸು ಹತ್ತಿದ. ಒಳಗೆ ಊರಿನ ನಾಲ್ಕೇ ಜನರಿದ್ದರು. ಅವನನ್ನು ಕಂಡು ಮುಖ ಆಚೆ ತಿರುಗಿಸಿದರು.

"ಬಸ್ ಉಳೀತ್ರಿ ಅಣ್ಣಾರ!" ಕಂಡಕ್ಟರ್ ನಕ್ಕ. "ಗುರುವಾರ ಸಾಹೇಬ್ರು ಎಣಿಸಾಕ ಬಂದಾಗ ಕಾಲಿಡಾಕ ಜಾಗ ಇರಲಿಲ್ಲ. ಎಲ್ಲೂ ನಿಲ್ಲಿಸದ ಸೀದಾ ತಾಲೂಕಿಗೆ ಹೊಡದ್ವಿ."

"ನೋಡಿದೆ."

"ನೀವೂ ವೈನಿಯಾರೂ ಇಲ್ಲೇ ನಿಂತು ಕೈ ಎತ್ತಿದ್ರಲ್ಲ, ಒಳಗಿದ್ದವ್ರೆಲ್ಲ ನಿಮಗ ಕೈ ಬೀಸಿ ಕೇಕೆ ಹಾಕಿದ್ರು ನೋಡ್ರಿ. ದವಾಖಾನಿಗೆ ಎರಡು ಕೊಡ್ಲೇನ್ರಿ?"

ಅವನು ಕಿಟಕಿಯ ಬಳಿ ಕುಳಿತು, ಪಕ್ಕದ ಸೀಟಿನ ಮೇಲೆ ಕೈಚೀಲ ಇಟ್ಟ.

"ಒಂದ ಸಾಕು. ಆಕೀ ಮರಣಪತ್ರ ತರಬೇಕು. ಅವತ್ತು ನಾವು ಕೈ ಎತ್ತಿದ್ದು, ಬಸ್ ನಿಲ್ಲಿಸ್ರಿ ಅಂತ."