ಬಾರದ ಮಿಸ್ಡ್ ಕಾಲ್

ಕ್ಷಯದ ಗುಳಿಗೆಯನ್ನು ಪಟ್ಟಿಯಿಂದ ಬಿಡಿಸಿದಾಗ ಅದರ ಹಿಂದೆ ಅಡಗಿದ್ದ ಒಂದು ನಂಬರು ಕಾಣುತ್ತದೆ. ನುಂಗಿದ ಕೂಡಲೇ ರೋಗಿ ಆ ನಂಬರಿಗೆ ಮಿಸ್ಡ್ ಕಾಲ್ ಕೊಡಬೇಕು. ಕೊಟ್ಟರೆ ನರ್ಸಿನ ಮೊಬೈಲಿನಲ್ಲಿ ರೋಗಿಯ ಹೆಸರು ಹಸಿರಾಗುತ್ತದೆ. ಕೊಡದಿದ್ದರೆ ಕೆಂಪು, ಆಗ ನರ್ಸ್ ತಾನೇ ಫೋನ್ ಮಾಡಿ ವಿಚಾರಿಸಬೇಕು.

ಇಪ್ಪತ್ತು ದಿನಗಳಿಂದ ಕಸ್ತೂರಿಯ ಹೆಸರು ಕೆಂಪಾಗಿಯೇ ಇತ್ತು. ಫೋನಿನಲ್ಲಿ ಬೈದು ಬೈದು ಸಾಕಾದ ನರ್ಸ್ ಕೊನೆಗೆ ಮನೆಗೇ ಬಂದಳು. ಹಿತ್ತಲ ಕೋಣೆಯಲ್ಲಿ ಕಸ್ತೂರಿ ಒಬ್ಬಳೇ ಕೂತಿದ್ದಳು. ಅತ್ತೆ ಊಟದ ತಟ್ಟೆಯನ್ನು ಹೊಸ್ತಿಲಾಚೆ ಇಟ್ಟು, ಮೂಗಿಗೆ ಸೆರಗು ಹಿಡಿದು ಹೊರಟುಹೋದಳು.

“ಸಾಯಬೇಕಂತ ಮಾಡೀಯೇನು? ದಿನಾ ಫೋನ್ ಹಚ್ಚಿ ಬಡಕೊಂಡ್ರೂ ಯಾಕ ಗುಳಿಗಿ ತಗೋವಲ್ಲಿ?”

ನರ್ಸ್ ಸಿಟ್ಟಿನಿಂದ ಗೂಡಿನಲ್ಲಿದ್ದ ಗುಳಿಗೆಯ ಪಟ್ಟಿಗಳನ್ನು ಎಳೆದು ತೆಗೆದು ಒಂದೊಂದಾಗಿ ನೋಡಿದಳು. ಈ ದಿನದ್ದೂ ಸೇರಿ ಇಪ್ಪತ್ತೂ ದಿನದವು ಖಾಲಿಯಾಗಿದ್ದವು.

“ಎಲ್ಲಾ ನುಂಗೀಯಲ್ಲ! ಮತ್ತ ಮಿಸ್ಡ್ ಕಾಲ್ ಯಾಕ ಕೊಡಲಿಲ್ಲ?”

“ಕೊಟ್ಟ ದಿನ ನನ್ನ ಕೂಡ ಯಾರೂ ಮಾತಾಡೂದಿಲ್ರೀ, ಅಕ್ಕಾರ.”