ಹತ್ತು ಕೋಣೆಗಳ ಮುಂಗಾರು

ಬಯಲುಸೀಮೆಯ ಆ ತಾಲ್ಲೂಕಿನ ಮಳೆಮನೆಯಲ್ಲಿ ಹತ್ತು ಕೋಣೆಗಳಿದ್ದವು. ಮೇ ತಿಂಗಳು ಬಂತೆಂದರೆ, ಆ ವರ್ಷ ಬರಬಹುದಾದ ಹತ್ತು ಬಗೆಯ ಮುಂಗಾರುಗಳು ಒಂದೊಂದು ಕೋಣೆಯಲ್ಲಿ ಬಂದು ನಿಲ್ಲುತ್ತಿದ್ದವು. ರೈತರು ಒಳಹೊಕ್ಕು ನೋಡಿ, ಬೀಜ ಬರೆಸಿ ಹೋಗುತ್ತಿದ್ದರು. ಬಾಗಿಲು ತೆರೆದು ಬೀಜ ಬರೆದುಕೊಳ್ಳುವುದು ರೇಣುಕಾ ಹಡಪದಳ ಕೆಲಸ.

ಅಂದು ಇಡೀ ತಾಲ್ಲೂಕಿಗೆ ಬೀಜ ತರಿಸಬೇಕಿದ್ದ ಅಧಿಕಾರಿ ಪದ್ಮನಾಭಯ್ಯ ಮೊದಲ ಕೋಣೆಯಿಂದಲೇ ತೊಯ್ದು ತೊಪ್ಪೆಯಾಗಿ ಹೊರಬಂದರು.

"ಭರ್ಜರಿ ಮಳೆ! ಎಲ್ಲರಿಗೂ ಹೆಸರು ಬೀಜಾನೇ ಬರ್ಕೊಳ್ಳಮ್ಮ."

"ಇನ್ನೂ ಒಂಬತ್ತು ಕೋಣಿ ಅದಾವ್ರೀ ಸರ್," ಎಂದಳು ರೇಣುಕಾ, ಅಳುಕುತ್ತಲೇ.

"ಅನ್ನ ಬೆಂದಿದ್ಯಾ ಅಂತ ನೋಡೋಕೆ ಒಂದಗುಳು ಸಾಕಲ್ವಾ?"

ಸಾಲಿನಲ್ಲಿ ನಿಂತಿದ್ದ ಎಂಟೆಕರೆಯ ಒಡತಿ ಗುರುಸಿದ್ದವ್ವ ಮುಂದೆ ಬಂದಳು. "ಅನ್ನಕ್ಕ ಸಾಕ್ರೀ ಸಾಹೇಬ್ರ, ಮಳಿಗೆ ಸಾಲೂದಿಲ್ಲ. ಬರ್ರಿ, ಕೂಡೇ ನೋಡಿ ಬರೂಣು."

ಅಷ್ಟು ಜನರೆದುರು ಅವರಿಗೆ ಒಲ್ಲೆನ್ನಲಾಗಲಿಲ್ಲ. ಉಳಿದ ಕೋಣೆಗಳನ್ನು ಸುತ್ತಿ ಬರುವಷ್ಟರಲ್ಲಿ ಅಂಗಿ ಗರಿಗರಿಯಾಗಿ ಒಣಗಿ, ಮೀಸೆಗೆ ಧೂಳು ಹತ್ತಿತ್ತು. ಏಳು ಕೋಣೆಗಳಲ್ಲಿ ಬರೀ ಒಣಗಾಳಿ. ಅವರು ಕರವಸ್ತ್ರದಿಂದ ಮುಖ ಒರೆಸಿಕೊಂಡು, "ಮುಕ್ಕಾಲು ಪಾಲು ಒಣಗಾಳಿಗೂ ಬಗ್ಗದ ನವಣೆ, ಕಾಲು ಪಾಲು ಹೆಸರು," ಎಂದರು.

"ನಂದೂ ಹಂಗ ಬರಿಯವ್ವಾ," ಎಂದಳು ಗುರುಸಿದ್ದವ್ವ.

ಆ ವರ್ಷ ಒಣಗಾಳಿಯೇ ಬೀಸಿತು. ಸುಗ್ಗಿಯಲ್ಲಿ ಗುರುಸಿದ್ದವ್ವನ ಹೊಲಕ್ಕೆ ಹೋದ ರೇಣುಕಾ, ಸುಟ್ಟುಹೋದ ಹೆಸರಿನ ಸಾಲು ಕಂಡು ಪೇಚಾಡಿಕೊಂಡಳು.

"ಅದಕ್ಯಾಕ ಮರುಗತೀಯವ್ವಾ? ಎರಡೆಕರೆ ಗಾಳಿ ಪಾಲಾತು, ಆರೆಕರೆ ಮನಿಗೆ ಬಂತಲ್ಲ!" ಎಂದು ನಗುತ್ತ ಗುರುಸಿದ್ದವ್ವ ಅವಳಿಗೆ ಉಡಿ ತುಂಬ ನವಣೆ ಸುರಿದಳು.